ದುಡಿಯುವ ನಾಲ್ಕು ತಿಂಗಳು, ನಿಲ್ಲುವ ಎಂಟು ತಿಂಗಳು

ಬೆಳಗಾವಿಯಲ್ಲಿ ಹುಲ್ಲು ಕತ್ತರಿಸುವ ಪೆಟ್ರೋಲ್ ಯಂತ್ರ, ಅಂದರೆ ಲಾನ್ ಮೂವರ್, ಹೆಚ್ಚಾಗಿ ಕೆಡುವುದು ದುಡಿಯುವಾಗ ಅಲ್ಲ, ನಿಂತಾಗ. ಮೃಗಶಿರಾ ಮಳೆ ಹಿಡಿದಲ್ಲಿಂದ ದಸರೆಯವರೆಗೆ ಎಂಟು ದಿನಕ್ಕೊಮ್ಮೆಯಾದರೂ ಅಂಗಳಕ್ಕೆ ಇಳಿಯುವ ಈ ಯಂತ್ರವು, ಚಳಿ ಶುರುವಾದೊಡನೆ ಗ್ಯಾರೇಜಿನ ಮೂಲೆಯನ್ನೋ ಹಿತ್ತಲಿನ ಪತ್ರಾಸಿನ ಆಸರೆಯನ್ನೋ ಹಿಡಿದು, ಮುಂದಿನ ಮುಂಗಾರಿನವರೆಗೆ ಯಾರ ಲಕ್ಷ್ಯಕ್ಕೂ ಬೀಳದೆ ನಿಂತುಬಿಡುತ್ತದೆ. ಜೂನ್ ತಿಂಗಳಲ್ಲಿ ಸಣ್ಣ ಎಂಜಿನ್ ರಿಪೇರಿ ಮಾಡುವ ಅಂಗಡಿಗಳ ಮುಂದೆ ಬಂದು ನಿಲ್ಲುವ ಯಂತ್ರಗಳಲ್ಲಿ ಬಹುಪಾಲು ಹೀಗೆ ನಿಂತು ಕೆಟ್ಟವೇ. ಹಗ್ಗ ಎಷ್ಟು ಎಳೆದರೂ ಎಂಜಿನ್ ಚಾಲೂ ಆಗುವುದಿಲ್ಲ. ಚಾಲೂ ಆದರೂ ಎರಡು ನಿಮಿಷ ಏರಿಳಿದು ಬಂದ್ ಆಗುತ್ತದೆ. ಮಾಲೀಕರು ಎಂಜಿನ್ನೇ ಹೋಯಿತೆಂದು ಕೈಚೆಲ್ಲುತ್ತಾರೆ, ಕೆಲವರು ಹೊಸದನ್ನೇ ಕೊಂಡುಬಿಡುತ್ತಾರೆ. ನಮ್ಮ ಮನೆಯ ಯಂತ್ರವನ್ನು ನಾನೇ ಬಿಚ್ಚಿ ಜೋಡಿಸುತ್ತ ಬಂದಿದ್ದೇನೆ. ಅದರಿಂದ ತಿಳಿದದ್ದನ್ನು, ಈಗಾಗಲೇ ಇಂಥ ಯಂತ್ರ ಇಟ್ಟುಕೊಂಡವರಿಗೂ ಕೊಳ್ಳಬೇಕೆನ್ನುವವರಿಗೂ ಉಪಯೋಗಕ್ಕೆ ಬರಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮನೆಯ ಮುಂದೆ ಹುಲ್ಲುಹಾಸು ಬೆಳೆಸುವುದು ವಿಜಯಪುರ, ಬಾಗಲಕೋಟೆಯಂಥ ಬಿಸಿಲಿನ ಊರುಗಳಲ್ಲಿ ನೀರಿನ ದುಂದು ಎಂದೇ ನಾನು ತಿಳಿದಿದ್ದೇನೆ. ಬೆಳಗಾವಿಯ ಮಾತು ಬೇರೆ. ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ ಘಟ್ಟ, ದಕ್ಷಿಣಕ್ಕೆ ಖಾನಾಪುರದ ಕಾಡು. ಮಳೆಗಾಲದಲ್ಲಿ ವಾರಗಟ್ಟಲೆ ಜಿಟಿಜಿಟಿ ಬಿಡುವುದಿಲ್ಲ. ಇಲ್ಲಿ ಹುಲ್ಲನ್ನು ಯಾರೂ ಬೆಳೆಸಬೇಕಾಗಿಲ್ಲ, ಅದು ತಾನಾಗಿಯೇ ಬೆಳೆಯುತ್ತದೆ. ಕ್ಯಾಂಪ್ ಭಾಗದ ಹಳೆಯ ಬಂಗಲೆಗಳು, ಟಿಳಕವಾಡಿ, ಹಿಂದವಾಡಿಗಳ ದೊಡ್ಡ ಕಂಪೌಂಡಿನ ಮನೆಗಳು, ಶಾಲೆ ಕಾಲೇಜುಗಳ ಮೈದಾನಗಳು, 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧದ ಸುತ್ತಲಿನ ಬಯಲು, ಎಲ್ಲೆಲ್ಲಿಯೂ ಜೂನ್‌ನಿಂದ ಅಕ್ಟೋಬರ್‌ವರೆಗೆ ಹುಲ್ಲು ಕತ್ತರಿಸುವುದು ತಪ್ಪದ ಕೆಲಸ. ನಮ್ಮ ಅಂಗಳದಲ್ಲಿರುವುದು ಗಣಪತಿಗೆ ಏರಿಸುವ ಕರಕಿಯೇ. ನೆಲಕ್ಕೆ ಅಂಟಿಕೊಂಡು ಹರಡುವ, ತುಳಿತವನ್ನೂ ಬಿಸಿಲನ್ನೂ ತಡೆದುಕೊಳ್ಳುವ, ಕತ್ತರಿಸಿದಷ್ಟೂ ದಟ್ಟವಾಗುವ ಈ ಹುಲ್ಲಿಗಿಂತ ಒಳ್ಳೆಯದು ಈ ಕೆಂಪು ಮಣ್ಣಿಗೆ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ನರ್ಸರಿಯವರು ಹೊಗಳಿ ಮಾರುವ ಮೆಕ್ಸಿಕನ್ ಹುಲ್ಲು ನೋಡಲು ಚಂದ, ಆದರೆ ಅದು ಮೆಲ್ಲಗೆ ಬೆಳೆದು ಗಡ್ಡೆಗಡ್ಡೆಯಾಗಿ ಉಬ್ಬುವುದರಿಂದ ಯಂತ್ರದ ಕೆಳಗೆ ಸಮನಾಗಿ ಬರುವುದಿಲ್ಲ.

ಹುಲ್ಲು ಕತ್ತರಿಸುವ ಯಂತ್ರದ ಮೊದಲ ಪೇಟೆಂಟ್ 1830ರದ್ದು. ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಎಡ್ವಿನ್ ಬಡಿಂಗ್ ಎಂಬುವರು, ಬಟ್ಟೆ ಗಿರಣಿಯಲ್ಲಿ ಉಣ್ಣೆಯ ಬಟ್ಟೆಯ ಮೇಲಿನ ಎಳೆಗಳನ್ನು ಸವರುವ ಯಂತ್ರವನ್ನು ನೋಡಿ, ಅದೇ ತತ್ವವನ್ನು ಹುಲ್ಲಿಗೆ ಅನ್ವಯಿಸಿದರು. ಸುತ್ತುವ ಉರುಳೆಯ ಮೇಲಿನ ಓರೆ ಬ್ಲೇಡುಗಳು ಕೆಳಗಿನ ಸ್ಥಿರವಾದ ಪಟ್ಟಿಗೆ ತಾಗಿ ಕತ್ತರಿಯ ಹಾಗೆ ಹುಲ್ಲನ್ನು ಕತ್ತರಿಸುವ ಆ ವಿಧಾನ ಇಂದಿಗೂ ಕ್ರಿಕೆಟ್ ಮೈದಾನಗಳಲ್ಲಿಯೂ ಗಾಲ್ಫ್ ಕೋರ್ಸುಗಳಲ್ಲಿಯೂ ಉಳಿದಿದೆ. ಮನೆಯಲ್ಲಿ ನಾವು ಬಳಸುವ ಪೆಟ್ರೋಲ್ ಯಂತ್ರ ಸಾಮಾನ್ಯವಾಗಿ ರೋಟರಿ. ಅದರಲ್ಲಿ ಎಂಜಿನ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ನೆಟ್ಟಗೆ ಕೆಳಗಿಳಿದಿರುತ್ತದೆ, ಅದರ ತುದಿಗೆ ಒಂದೇ ಉದ್ದನೆಯ ಬ್ಲೇಡನ್ನು ನೇರವಾಗಿ ಬೋಲ್ಟ್ ಮಾಡಿರುತ್ತಾರೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಬ್ಲೇಡೂ ಅಷ್ಟೇ ತಿರುಗುತ್ತದೆ. 21 ಇಂಚಿನ ಬ್ಲೇಡಿನ ತುದಿ ಆಗ ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಬ್ಲೇಡಿನ ಹಿಂಬದಿಯ ಮಡಚಿದ ರೆಕ್ಕೆಯು ಗಾಳಿಯನ್ನು ಮೇಲಕ್ಕೆ ಸೆಳೆದು, ಬಾಗಿದ ಹುಲ್ಲನ್ನು ಎಬ್ಬಿಸಿ ನಿಲ್ಲಿಸುತ್ತದೆ. ಕತ್ತರಿಸಿದ ತುಂಡುಗಳನ್ನು ಹಿಂದಿನ ಚೀಲಕ್ಕೆ ಎಸೆಯುವುದೂ ಅದೇ ಗಾಳಿ. ಹರಿತ, ವೇಗ, ಗಾಳಿ, ಈ ಮೂರರಲ್ಲಿ ಒಂದು ಕಡಿಮೆಯಾದರೂ ಕೆಲಸ ಕೆಡುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಂತ್ರದ ಅರ್ಧದಷ್ಟು ದೋಷಗಳನ್ನು ನೋಡಿಯೇ ಗುರುತಿಸಬಹುದು.

ಎಲ್ಲರಿಗೂ ಈ ಯಂತ್ರ ಬೇಕೆಂದು ನಾನು ಹೇಳುವುದಿಲ್ಲ. ಹುಲ್ಲಿನ ಜಾಗ ಒಂದು ಗುಂಟೆ, ಅಂದರೆ 1089 ಚದರ ಅಡಿಗಿಂತ ಕಡಿಮೆ ಇದ್ದರೆ ಕೈಯಿಂದ ದೂಡುವ ಉರುಳೆಯ ಯಂತ್ರವೇ ಸಾಕು; ಅದಕ್ಕೆ ಪೆಟ್ರೋಲ್ ಬೇಡ, ಆಯಿಲ್ ಬೇಡ, ಸದ್ದಿಲ್ಲ. ಎರಡು ಗುಂಟೆಯವರೆಗೆ ಕರೆಂಟಿನ ಯಂತ್ರವೂ ನಡೆಯುತ್ತದೆ, ಆದರೆ ಒದ್ದೆ ಹುಲ್ಲಿನ ಮೇಲೆ ವೈರ್ ಎಳೆದುಕೊಂಡು ಓಡಾಡುವುದು ಅಪಾಯದ ಕೆಲಸ, ಮತ್ತು ಬೆಳಗಾವಿಯಲ್ಲಿ ಹುಲ್ಲು ಕತ್ತರಿಸಬೇಕಾದ ದಿನಗಳೆಲ್ಲ ಒದ್ದೆಯ ದಿನಗಳೇ. ಮೂರು ನಾಲ್ಕು ಗುಂಟೆಗೆ ಮೇಲ್ಪಟ್ಟ ಹುಲ್ಲು, ನಡುನಡುವೆ ಮಾವು ಹಲಸಿನ ಗಿಡಗಳು, ಅಲ್ಲಲ್ಲಿ ಏರುತಗ್ಗು ಇರುವ ಕಂಪೌಂಡಿಗೆ ಪೆಟ್ರೋಲ್ ಯಂತ್ರವೇ ಸರಿ. ಇಷ್ಟರ ಮೇಲೆ ಕೊಳ್ಳುವ ತೀರ್ಮಾನ ಮಾಡಿದರೆ, ಅದರ ಆರೈಕೆಯ ಹೊಣೆಯನ್ನೂ ಅಂದೇ ಹೊತ್ತುಕೊಂಡ ಹಾಗೆ.

ಆ ಹೊಣೆಯಲ್ಲಿ ಮೊದಲನೆಯದು ಪೆಟ್ರೋಲು. ಈ ಯಂತ್ರಗಳ ಆಯುಷ್ಯವನ್ನು ಇವತ್ತು ಎಲ್ಲಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಅದೇ ಎಂದು ನಾನು ನಂಬಿದ್ದೇನೆ, ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಮ್ಮ ದೇಶದ ಪೆಟ್ರೋಲಿನಲ್ಲಿ 2022ರ ಹೊತ್ತಿಗೆ ಶೇಕಡಾ 10ರಷ್ಟು ಎಥೆನಾಲ್ ಬೆರೆಯಿತು, 2025ರಲ್ಲಿ ಅದು ಶೇಕಡಾ 20ಕ್ಕೆ ಮುಟ್ಟಿತು. ಆ ಎಥೆನಾಲ್ ಎಲ್ಲಿಂದಲೋ ಬರುವ ವಸ್ತುವಲ್ಲ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ರಾಜ್ಯದ ಕಬ್ಬಿನ ಕಣಜ. ಸಕ್ಕರೆ ವಿಷಯದ ಅಧ್ಯಯನಕ್ಕೆಂದೇ ಮೀಸಲಾದ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇರುವುದೂ ಬೆಳಗಾವಿಯಲ್ಲಿಯೇ. ಇಲ್ಲಿಯ ಕಾರ್ಖಾನೆಗಳು ಕಾಕಂಬಿಯಿಂದಲೂ ಕಬ್ಬಿನ ಹಾಲಿನಿಂದಲೂ ಎಥೆನಾಲ್ ಇಳಿಸುತ್ತವೆ. ಕಬ್ಬು ಬೆಳೆದ ರೈತನಿಗೆ ಬಾಕಿ ಬೇಗ ಸಿಗುವುದಾದರೆ, ದೇಶದ ಎಣ್ಣೆಯ ಆಮದು ಇಳಿಯುವುದಾದರೆ, ಆ ನೀತಿಗೆ ನನ್ನ ತಕರಾರಿಲ್ಲ. ಕಬ್ಬಿನ ಊರಿನವನಾಗಿ ಸಂತೋಷವೇ ಇದೆ. ಆದರೆ ದಿನವೂ ಓಡುವ ಮೋಟರ್‌ಸೈಕಲ್ಲಿಗೂ ತಿಂಗಳುಗಟ್ಟಲೆ ನಿಲ್ಲುವ ಲಾನ್ ಮೂವರಿಗೂ ಒಂದೇ ಇಂಧನ ಒಂದೇ ರೀತಿ ಒಗ್ಗುವುದಿಲ್ಲ, ಇದನ್ನು ಪೆಟ್ರೋಲ್ ಪಂಪಿನಲ್ಲಿ ಯಾರೂ ಹೇಳುವುದಿಲ್ಲ.

ಎಥೆನಾಲ್ ನೀರನ್ನು ಹೀರುತ್ತದೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗೆಂದು ಬಿಟ್ಟ ಸಣ್ಣ ತೂತಿನಿಂದ ನಮ್ಮ ಮಳೆಗಾಲದ ತೇವ ಒಳಗೆ ಹೋಗುತ್ತಲೇ ಇರುತ್ತದೆ. ಒಂದು ಮಿತಿಯವರೆಗೆ ನೀರು ಪೆಟ್ರೋಲಿನಲ್ಲಿಯೇ ಕರಗಿರುತ್ತದೆ. ಮಿತಿ ದಾಟಿದ ಮೇಲೆ ನೀರೂ ಎಥೆನಾಲೂ ಕೂಡಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ ಇಂಧನವನ್ನು ಸೆಳೆಯುವುದು ತಳದಿಂದಲೇ. ಇನ್ನೊಂದು ಕಡೆ, ನಿಂತ ಪೆಟ್ರೋಲಿನ ಹಗುರ ಅಂಶಗಳು ಆರಿಹೋಗಿ, ಉಳಿದದ್ದು ಗೋಂದಿನಂಥ ಹಳದಿ ಜಿಡ್ಡಾಗಿ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನ ಒಳಗೆ ಅಂಟುತ್ತದೆ. ಮೂರನೆಯದಾಗಿ, ಇಂಥ ಸಣ್ಣ ಎಂಜಿನ್ನುಗಳ ಕೈಪಿಡಿಗಳಲ್ಲಿ ಎಥೆನಾಲ್ ಶೇಕಡಾ 10ನ್ನು ಮೀರಬಾರದೆಂದು ಬರೆದಿರುವುದೇ ಹೆಚ್ಚು. ಹಳೆಯ ರಬ್ಬರ್ ನಳಿಕೆಗಳೂ ಗ್ಯಾಸ್ಕೆಟ್ಟುಗಳೂ ಅದಕ್ಕಿಂತ ಹೆಚ್ಚಿನದಕ್ಕೆ ಉಬ್ಬುತ್ತವೆ, ಬಿರುಕು ಬಿಡುತ್ತವೆ. ಕಾರಿನಲ್ಲಿರುವಂತೆ ಇಂಧನದ ಪ್ರಮಾಣವನ್ನು ತಾನೇ ತಿದ್ದಿಕೊಳ್ಳುವ ಕಂಪ್ಯೂಟರ್ ಈ ಎಂಜಿನ್ನಿಗಿಲ್ಲ. ಪೆಟ್ರೋಲನ್ನು ಅಳೆದು ಬಿಡುವ ಜೆಟ್ ಎಂಬ ಬಿಡಿಭಾಗದ ತೂತು ಎಷ್ಟಿದೆಯೋ ಅಷ್ಟೇ. ಎಥೆನಾಲಿನಲ್ಲಿ ಆಮ್ಲಜನಕವೂ ಸೇರಿರುವುದರಿಂದ ಮಿಶ್ರಣ ತೆಳುವಾಗಿ, ಎಂಜಿನ್ ಸ್ವಲ್ಪ ಹೆಚ್ಚು ಕಾಯುತ್ತದೆ, ಸದ್ದು ಒಂದೇ ಸಮ ಬರದೆ ಏರಿಳಿಯುತ್ತದೆ.

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಒಬ್ಬ ಮಿಸ್ತ್ರಿಯ ಅಂಗಡಿಯಲ್ಲಿ ಬೇಸಿಗೆಯೆಲ್ಲ ನಿಂತಿದ್ದ ಒಂದು ಯಂತ್ರದ ಕಾರ್ಬುರೇಟರ್ ಬಿಚ್ಚುವುದನ್ನು ಹತ್ತಿರದಿಂದ ನೋಡಿದ್ದೇನೆ. ಕೆಳಗಿನ ಬಟ್ಟಲನ್ನು ಹಿಡಿದಿದ್ದ ಒಂದೇ ಬೋಲ್ಟನ್ನು ಪಾನಾದಿಂದ ಸಡಿಲಿಸಿದಾಗ ಪೆಟ್ರೋಲ್ ಸುರಿಯಲಿಲ್ಲ. ಬಟ್ಟಲಿನ ತಳದಲ್ಲಿ ಸುಣ್ಣದ ಪುಡಿಯಂಥ ಬಿಳಿಯ ಪದರ, ಅದರ ಮೇಲೆ ಜೇನಿನ ಬಣ್ಣದ ಜಿಡ್ಡು, ಒಂದು ಬದಿಗೆ ತುಕ್ಕಿನ ಗೆರೆ ಕಂಡವು. ಮಿಸ್ತ್ರಿ ಹಿತ್ತಾಳೆಯ ಜೆಟ್ಟನ್ನು ಹೊರತೆಗೆದು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಕೂದಲೆಳೆಯಷ್ಟೇ ಅಗಲದ ಆ ತೂತಿನಲ್ಲಿ ಬೆಳಕು ಹಾಯಲಿಲ್ಲ. "ಎಂಜಿನ್ ಏನೂ ಆಗಿಲ್ರೀ ಸರ್, ಪೆಟ್ರೋಲ್ ಕುಂತಲ್ಲೇ ಕುಂತು ಅಂಟಾಗೇತ್ರಿ. ವರ್ಷಾ ಇದ ಕೆಲಸ ನಮ್ದು" ಎಂದರು. ತಂತಿ ಹಾಕಿ ಚುಚ್ಚಿದರೆ ಜೆಟ್ಟಿನ ತೂತು ಅಗಲವಾಗುತ್ತದೆಂದು, ಕ್ಲೀನರ್ ಸಿಂಪಡಿಸಿ ನೆನೆಯಿಟ್ಟು, ಗಾಳಿ ಹೊಡೆದು ತೆರವು ಮಾಡಿದರು. ಜೆಟ್ಟಿನ ಆಚೆಬದಿ ಕಂಡಮೇಲೆಯೇ ಅವರು ಅದನ್ನು ತಿರುಗಿ ಕೂಡಿಸಿದ್ದು. ಒಳ್ಳೆಯ ಮಿಸ್ತ್ರಿಯನ್ನು ಗುರುತಿಸಲು ಇಂಥ ತಾಳ್ಮೆಯೇ ಸಾಕು.

ಇದನ್ನೆಲ್ಲ ತಪ್ಪಿಸಲು ಮಾಡಬೇಕಾದದ್ದು ಬಹಳವೇನಿಲ್ಲ. ಮಳೆಗಾಲದಲ್ಲಿ ಒಂದು ತಿಂಗಳಿಗೆ ಸಾಲುವಷ್ಟೇ ಪೆಟ್ರೋಲನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತಂದು, ಅದರ ಮೇಲೆ ತಂದ ತಾರೀಖು ಬರೆದಿಡಬೇಕು. ದೊಡ್ಡ ಮಳೆ ಹಿಡಿದು ಹದಿನೈದು ದಿನ ಕೆಲಸ ನಿಲ್ಲುವ ಲಕ್ಷಣ ಕಂಡರೆ, ಪೆಟ್ರೋಲಿನ ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬುರೇಟರನ್ನು ಒಣಗಿಸಬೇಕು. ನವೆಂಬರಿನಲ್ಲಿ ಕೊನೆಯ ಕಟಾವು ಮುಗಿದ ಮೇಲೆ ಟ್ಯಾಂಕನ್ನು ಪೂರಾ ಖಾಲಿ ಮಾಡಿ, ಹಾಗೆಯೇ ಓಡಿಸಿ, ಬಳಿಕ ಬಟ್ಟಲಿನ ಬೋಲ್ಟು ಸಡಿಲಿಸಿ ಉಳಿದ ಹನಿಗಳನ್ನೂ ಇಳಿಸಬೇಕು. ತೆಗೆದ ಪೆಟ್ರೋಲು ಹಾಳಲ್ಲ, ಅಂದೇ ಸ್ಕೂಟರಿಗೆ ಸುರಿದರೆ ಮುಗಿಯಿತು. ಆಮೇಲೆ ಕಿಡಿ ಹತ್ತಿಸುವ ಪ್ಲಗ್ ಬಿಚ್ಚಿ ಆ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎರಡು ಸಲ ಎಳೆದು, ಪ್ಲಗ್ ತಿರುಗಿ ಕೂಡಿಸಿಟ್ಟರೆ ಸಿಲಿಂಡರಿನ ಗೋಡೆಗೆ ತುಕ್ಕು ಬರುವುದಿಲ್ಲ. ಇಷ್ಟಕ್ಕೆ ಒಂದು ಸಂಜೆ ಬೇಕು. ಈ ಒಂದು ಸಂಜೆಯನ್ನು ಯಂತ್ರಕ್ಕೆ ಕೊಡದವರು ಮುಂದಿನ ಜೂನಿನಲ್ಲಿ ವಾರಗಟ್ಟಲೆ ಮಿಸ್ತ್ರಿಯ ಬಾಗಿಲು ಕಾಯಬೇಕಾಗುತ್ತದೆ, ಅಷ್ಟರಲ್ಲಿ ಹುಲ್ಲು ಮೊಣಕಾಲು ಮುಟ್ಟಿರುತ್ತದೆ.

ಪೆಟ್ರೋಲಿನ ಬಗ್ಗೆಯೇ ಇನ್ನೊಂದು ಮಾತು. ಹೆಗಲಿಗೆ ಹಾಕಿಕೊಂಡು ಪೊದೆ ಸವರುವ ಬ್ರಷ್ ಕಟರ್ ಹಲವು ಮನೆಗಳಲ್ಲಿದೆ, ಅವುಗಳಲ್ಲಿ ಬಹಳಷ್ಟು ಟೂ ಸ್ಟ್ರೋಕ್. ಅದಕ್ಕೆ ಪೆಟ್ರೋಲಿನಲ್ಲಿ 2ಟಿ ಆಯಿಲ್ ಬೆರೆಸಬೇಕು. ಲಾನ್ ಮೂವರ್ ಈಗ ಸಾಮಾನ್ಯವಾಗಿ ಫೋರ್ ಸ್ಟ್ರೋಕ್; ಅದಕ್ಕೆ ಬರೀ ಪೆಟ್ರೋಲು, ಆಯಿಲ್ ಬೇರೆ ಚೇಂಬರಿಗೆ. ಎರಡೂ ಡಬ್ಬಿ ಒಂದೇ ಬಣ್ಣದವಾಗಿದ್ದರೆ ಅದಲುಬದಲಾಗಲು ಹೊತ್ತು ಬೇಕಿಲ್ಲ. ಬೆರೆಸಿದ್ದು ಮೂವರಿಗೆ ಬಿದ್ದರೆ ಹೊಗೆ ಬಂದು ಪ್ಲಗ್ ಕಪ್ಪಾಗುತ್ತದೆ, ಅಷ್ಟರಲ್ಲಿ ಮುಗಿಯುತ್ತದೆ. ಬರೀ ಪೆಟ್ರೋಲು ಬ್ರಷ್ ಕಟರಿಗೆ ಬಿದ್ದರೆ ಮಾತ್ರ ಪಿಸ್ಟನ್ ಹಿಡಿದು ಎಂಜಿನ್ನೇ ಹೋಗುತ್ತದೆ. ಡಬ್ಬಿಗಳಿಗೆ ಬೇರೆ ಬೇರೆ ಬಣ್ಣ ಬಳಿಯುವುದು ಸುಲಭದ ಉಪಾಯ.

ಇನ್ನು ಬ್ಲೇಡು. ಕತ್ತರಿಸಿದ ಎರಡು ದಿನಕ್ಕೆ ಹುಲ್ಲಿನ ಮೇಲ್ಮೈ ಬೂದು ಬಣ್ಣಕ್ಕೆ ತಿರುಗಿದ್ದರೆ, ಒಂದು ಗರಿಯನ್ನು ಕಿತ್ತು ತುದಿಯನ್ನು ನೋಡಬೇಕು. ಹರಿತವಾದ ಬ್ಲೇಡು ಕತ್ತರಿಸಿದ ತುದಿ ನೇರವಾಗಿರುತ್ತದೆ. ಮೊಂಡಾದ ಬ್ಲೇಡು ಕತ್ತರಿಸುವುದಿಲ್ಲ, ಹರಿಯುತ್ತದೆ, ಆ ತುದಿಯಲ್ಲಿ ಬಿಳಿಯ ನಾರುಗಳು ಬಿಚ್ಚಿಕೊಂಡು ಒಣಗುತ್ತವೆ. ಇಪ್ಪತ್ತು ಇಪ್ಪತ್ತೈದು ಗಂಟೆಯ ಕೆಲಸಕ್ಕೊಮ್ಮೆ ಬ್ಲೇಡನ್ನು ಬಿಚ್ಚಿ ಸಾಣೆ ಹಿಡಿಯುವುದು ಸಾಮಾನ್ಯ ಲೆಕ್ಕ, ಆದರೆ ನಮ್ಮ ಮಣ್ಣಿನಲ್ಲಿ ಕೆಂಪು ಜಂಬಿಟ್ಟಿಗೆಯ ಹರಳು ಮಳೆಗೆ ಮೇಲೇಳುವುದರಿಂದ ಅದಕ್ಕೂ ಮೊದಲೇ ಬೇಕಾಗುತ್ತದೆ. ಬಿಚ್ಚುವ ಮೊದಲು ಪ್ಲಗ್ಗಿನ ಟೋಪಿ ಕಿತ್ತಿಡಬೇಕು, ಇದಕ್ಕೆ ಯಾವ ವಿನಾಯಿತಿಯೂ ಇಲ್ಲ. ಬಿಸಿ ಎಂಜಿನ್ನಿನಲ್ಲಿ ಕೈಯಿಂದ ಬ್ಲೇಡು ತಿರುಗಿಸಿದರೂ ಒಮ್ಮೊಮ್ಮೆ ಕಿಡಿ ಹತ್ತಿ ಎಂಜಿನ್ ಒಂದು ಸುತ್ತು ಹೊಡೆಯಬಹುದು, ಬೆರಳು ಹೋಗಲು ಆ ಒಂದು ಸುತ್ತು ಸಾಕು.

ಸಾಣೆಯ ವಿಷಯದಲ್ಲಿ ಬೆಳಗಾವಿ ಪುಣ್ಯವಂತ ಊರು. ಫೌಂಡ್ರಿ, ಕ್ರ್ಯಾಂಕ್‌ಶಾಫ್ಟ್, ಹೈಡ್ರಾಲಿಕ್ಸ್ ಎಂದು ಹೆಸರು ಮಾಡಿದ ಉದ್ಯಮಬಾಗದಲ್ಲಿ ಕಬ್ಬಿಣದ ಮನಸ್ಸನ್ನು ಬಲ್ಲ ಕೈಗಳಿಗೆ ಕೊರತೆಯಿಲ್ಲ. ಆದರೂ ಅವರಿಗೆ ಎರಡು ಮಾತು ಹೇಳಿಯೇ ಕೊಡಬೇಕು. ಮೂಲದ ಓರೆ, ಸುಮಾರು 30 ಡಿಗ್ರಿ, ಹಾಗೆಯೇ ಉಳಿಯಬೇಕು. ಗ್ರೈಂಡರಿನ ಚಕ್ರದಲ್ಲಿ ಒಂದೇ ಕಡೆ ಒತ್ತಿ ಹಿಡಿದು ಅಂಚು ನೀಲಿಗಟ್ಟಿಸಬಾರದು. ನೀಲಿಗಟ್ಟಿದ ಜಾಗದಲ್ಲಿ ಉಕ್ಕಿನ ಹದ ಹೋಗಿರುತ್ತದೆ, ಅಲ್ಲಿ ಹರಿತ ನಿಲ್ಲುವುದಿಲ್ಲ. ನಾನು ಮನೆಯಲ್ಲಿ ಅರದಿಂದಲೇ ಉಜ್ಜುತ್ತೇನೆ; ಹೊತ್ತು ಹಿಡಿಯುತ್ತದೆ, ಆದರೆ ಬ್ಲೇಡು ಕಾಯುವುದಿಲ್ಲ. ಉಜ್ಜಿದ ಬಳಿಕ ಗೋಡೆಯ ಮೊಳೆಗೆ ಬ್ಲೇಡಿನ ನಡುವಿನ ತೂತನ್ನು ತೂಗುಹಾಕಿ ನೋಡಬೇಕು. ಯಾವ ಬದಿ ಕೆಳಕ್ಕೆ ಇಳಿಯುತ್ತದೆಯೋ ಆ ಬದಿ ಭಾರ. ಅದರ ಹಿಂದಿನ ಅಂಚಿನಿಂದ ಇಷ್ಟಿಷ್ಟೇ ಉಜ್ಜಿ, ಎರಡೂ ಬದಿ ಸಮನಾಗಿ ಅಡ್ಡ ನಿಲ್ಲುವವರೆಗೆ ಮುಂದುವರಿಸಬೇಕು. ಇದನ್ನು ಬಿಟ್ಟುಬಿಟ್ಟರೆ ಯಂತ್ರ ನಡುಗುತ್ತದೆ, ಹಿಡಿಕೆಯಿಂದ ಕೈ ಜುಮ್ಮೆನ್ನುತ್ತದೆ, ದಿನ ಕಳೆದಂತೆ ಕ್ರ್ಯಾಂಕಿನ ಕೆಳಗಿನ ಬೇರಿಂಗೂ ಆಯಿಲ್ ಸೀಲೂ ಸವೆಯುತ್ತವೆ. ಬ್ಲೇಡಿನ ರೆಕ್ಕೆ ಮಡಚಿಕೊಂಡ ಜಾಗದಲ್ಲಿ ಮಣ್ಣು ತಿಕ್ಕಿ ತಿಕ್ಕಿ ಲೋಹ ತೆಳುವಾಗಿರುತ್ತದೆ. ಅಲ್ಲಿ ಸೀಳು ಕಂಡ ದಿನವೇ ಆ ಬ್ಲೇಡನ್ನು ಗುಜರಿಗೆ ಹಾಕಿ, ಅದೇ ಮಾಡೆಲಿನ ಹೊಸದನ್ನು ತರಬೇಕು.

ಕಲ್ಲಿಗೋ ಬೇರಿಗೋ ಬ್ಲೇಡು ಬಡಿದು ಎಂಜಿನ್ ಗಕ್ಕನೆ ನಿಂತರೆ, ಒಡನೆಯೇ ಹಗ್ಗ ಎಳೆಯಬಾರದು. ಎಂಜಿನ್ನಿನ ತಲೆಯ ಮೇಲಿನ ಭಾರವಾದ ಚಕ್ರವನ್ನು, ಅಂದರೆ ಫ್ಲೈವೀಲನ್ನು, ಕ್ರ್ಯಾಂಕ್‌ಶಾಫ್ಟಿನ ಮೇಲೆ ಸರಿಯಾದ ಜಾಗದಲ್ಲಿ ಕೂಡಿಸಲು ಒಂದು ಪುಟ್ಟ ಲೋಹದ ಕೀ ಇರುತ್ತದೆ. ಹಲವು ಎಂಜಿನ್ನುಗಳಲ್ಲಿ ಅದು ಬೇಕೆಂದೇ ಮೆತ್ತನೆಯದು. ಬಡಿತಕ್ಕೆ ಅದು ತುಂಡಾಗುತ್ತದೆ ಇಲ್ಲವೇ ಅರ್ಧ ಸರಿಯುತ್ತದೆ. ಆಗ ಕಿಡಿ ಹತ್ತುವ ಗಳಿಗೆ ತಪ್ಪಿ, ಎಂಜಿನ್ ಚಾಲೂ ಆಗುವುದಿಲ್ಲ ಅಥವಾ ಹಗ್ಗವನ್ನು ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಒದೆಯುತ್ತದೆ. ಕೆಲವೇ ರೂಪಾಯಿಯ ಈ ಕೀಯನ್ನು ನೋಡದೆ ಕಾರ್ಬುರೇಟರ್, ಪ್ಲಗ್, ಕಾಯಿಲ್ ಎಂದು ಒಂದೊಂದಾಗಿ ಬದಲಿಸಿ ಗಿರಾಕಿಯ ದುಡ್ಡು ಕಳೆದ ಅಂಗಡಿಗಳನ್ನು ಕಂಡಿದ್ದೇನೆ. ಕಟಾವಿಗೆ ಮೊದಲು ಅಂಗಳವನ್ನು ಒಮ್ಮೆ ನಡೆದು ಕಲ್ಲು, ತೆಂಗಿನ ಚಿಪ್ಪು, ಮಕ್ಕಳ ಚೆಂಡು ಆರಿಸುವುದಕ್ಕೆ ಹಿಡಿಯುವ ಹತ್ತು ನಿಮಿಷವೇ ಇದಕ್ಕೆಲ್ಲ ಮದ್ದು.

ಆಯಿಲಿನ ಮಾತು ಚಿಕ್ಕದು. ಹೊಸ ಯಂತ್ರಗಳನ್ನು ಕಂಪನಿಯವರು ಸಾಮಾನ್ಯವಾಗಿ ಆಯಿಲ್ ಇಲ್ಲದೆಯೇ ಕಳಿಸುತ್ತಾರೆ. ಅರ್ಧ ಲೀಟರಿನ ಆಸುಪಾಸು ಹಿಡಿಯುವ ಚೇಂಬರಿಗೆ ಕೈಪಿಡಿ ಹೇಳಿದ ಆಯಿಲನ್ನು, ಹೆಚ್ಚಾಗಿ 10ಡಬ್ಲ್ಯೂ-30ನ್ನು, ಗುರುತಿನವರೆಗೆ ತುಂಬಿದ ಮೇಲೆಯೇ ಮೊದಲ ಸಲ ಹಗ್ಗ ಎಳೆಯಬೇಕು. ಮೊದಲ ಬದಲಾವಣೆ ಬೇಗ ಆಗಬೇಕು, ಏಕೆಂದರೆ ಹೊಸ ಭಾಗಗಳು ಸವೆದ ಲೋಹದ ಪುಡಿ ಅದರಲ್ಲಿರುತ್ತದೆ. ಆಮೇಲೆ ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ನಾನು ಅದನ್ನು ಖಂಡೆ ಪೂಜೆಯ ಹಿಂದಿನ ದಿನಕ್ಕೆ ಇಟ್ಟುಕೊಂಡಿದ್ದೇನೆ. ಆಯುಧಗಳನ್ನು ತೊಳೆದು ಇಡುವ ಹೊತ್ತಿನಲ್ಲಿ ಇದೂ ತಪ್ಪದೆ ನೆನಪಾಗುತ್ತದೆ. ಪೂಜೆಗೆಂದು ಬಿಸಿ ಎಂಜಿನ್ನಿನ ಮೇಲೆ ಪೈಪಿನಿಂದ ನೀರು ಬಿಡುವುದು ಮಾತ್ರ ಬೇಡ, ಏರ್ ಫಿಲ್ಟರಿಗೂ ಪ್ಲಗ್ಗಿನ ವೈರಿಗೂ ನೀರು ಇಳಿಯುತ್ತದೆ. ಒದ್ದೆ ಅರಿವೆಯಿಂದ ಒರೆಸಿದರೆ ಸಾಕು. ಏರ್ ಫಿಲ್ಟರ್ ಕಾಗದದ್ದಾದರೆ ಮೆಲ್ಲಗೆ ತಟ್ಟಿ ಧೂಳು ಉದುರಿಸಬೇಕು, ಫೋಮಿನದಾದರೆ ಸಾಬೂನು ನೀರಿನಲ್ಲಿ ಹಿಂಡಿ ಒಣಗಿಸಿ ಎರಡು ಹನಿ ಆಯಿಲ್ ಹಿಡಿಸಬೇಕು. ಯಂತ್ರವನ್ನು ಓರೆ ಮಾಡುವಾಗ ಕಾರ್ಬುರೇಟರೂ ಏರ್ ಫಿಲ್ಟರೂ ಇರುವ ಬದಿ ಯಾವಾಗಲೂ ಮೇಲಿರಬೇಕು. ಇಲ್ಲವಾದರೆ ಆಯಿಲ್ ಫಿಲ್ಟರಿಗೆ ಹರಿದು, ಮುಂದೆ ಚಾಲೂ ಮಾಡಿದಾಗ ಬಿಳಿ ಹೊಗೆ ಓಣಿಯೆಲ್ಲ ತುಂಬುತ್ತದೆ.

ಒದ್ದೆ ಹುಲ್ಲನ್ನು ಕತ್ತರಿಸಬೇಡಿ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಆಷಾಢ ಶ್ರಾವಣದ ಬೆಳಗಾವಿಯಲ್ಲಿ ಆ ಮಾತನ್ನು ಪೂರ್ತಿ ಪಾಲಿಸಲಾಗದು. ಮಳೆ ಎರಡು ಮೂರು ತಾಸು ಹೊಳವು ಕೊಟ್ಟು, ಗಾಳಿ ಬೀಸಿದ ಮಧ್ಯಾಹ್ನವನ್ನು ಕಾಯಬೇಕು, ಯಂತ್ರದ ಎತ್ತರವನ್ನು ಒಂದು ಮೆಟ್ಟಿಲು ಏರಿಸಬೇಕು, ಪ್ರತಿ ಸಾಲಿನಲ್ಲಿ ಬ್ಲೇಡಿನ ಅರ್ಧ ಅಗಲದಷ್ಟೇ ಹುಲ್ಲನ್ನು ಹಿಡಿಯಬೇಕು. ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಒಂದೇ ಸಲಕ್ಕೆ ತೆಗೆಯಬಾರದೆಂಬ ನಿಯಮ ಹುಲ್ಲಿಗೂ ಒಳ್ಳೆಯದು, ಎಂಜಿನ್ನಿಗೂ ಒಳ್ಳೆಯದು. ಕೆಲಸ ಮುಗಿದ ಮೇಲೆ ಬ್ಲೇಡಿನ ಮೇಲಿನ ಹೊದಿಕೆಯಾದ ಡೆಕ್ಕಿನ ಒಳಮೈಗೆ ಅಂಟಿದ ಹಸಿರು ಮುದ್ದೆಯನ್ನು ಅಂದೇ ಕಟ್ಟಿಗೆಯ ಚಕ್ಕೆಯಿಂದ ಕೆರೆಯಬೇಕು. ಮರುದಿನಕ್ಕೆ ಅದು ಗಟ್ಟಿಯಾಗುತ್ತದೆ, ಒಂದು ಮಳೆಗಾಲ ಹಾಗೆಯೇ ಬಿಟ್ಟರೆ ಉಕ್ಕಿನ ಡೆಕ್ಕು ತುಕ್ಕು ಹಿಡಿದು ತೂತು ಬೀಳುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆಯಾಗುವುದು ಯಂತ್ರದ ಬಗ್ಗೆ ಅಲ್ಲ, ಅದನ್ನು ದೂಡುವವರ ಕಾಲುಗಳ ಬಗ್ಗೆ. ನಮ್ಮಲ್ಲಿ ಈ ಯಂತ್ರವನ್ನು ಮಾಲೀಕರಿಗಿಂತ ಹೆಚ್ಚಾಗಿ ಮಾಳಿಗಳೇ ನಡೆಸುತ್ತಾರೆ, ಬಹಳಷ್ಟು ಜನ ರಬ್ಬರ್ ಚಪ್ಪಲಿಯಲ್ಲಿ, ಕೆಲವರು ಬರಿಗಾಲಿನಲ್ಲಿ. ಒದ್ದೆ ಇಳಿಜಾರಿನಲ್ಲಿ ಚಪ್ಪಲಿ ಜಾರಿದರೆ ಕಾಲು ಹೋಗುವುದು ಡೆಕ್ಕಿನ ಕೆಳಕ್ಕೇ. ಹಿಡಿಕೆಯ ಮೇಲಿನ ಅಡ್ಡ ಲಿವರನ್ನು ಕೈಬಿಟ್ಟೊಡನೆ ಬ್ಲೇಡು ನಿಲ್ಲಬೇಕೆಂಬ ವ್ಯವಸ್ಥೆ ಇರುವುದು ಇದಕ್ಕಾಗಿಯೇ. ಅಮೆರಿಕದಲ್ಲಿ 1982ರಿಂದ, ಕೈಬಿಟ್ಟ ಮೂರು ಸೆಕೆಂಡುಗಳೊಳಗೆ ಬ್ಲೇಡು ನಿಲ್ಲಲೇಬೇಕೆಂಬ ಕಾನೂನಿದೆ. ಇಲ್ಲಿ ಆ ಲಿವರನ್ನು ಸುತಳಿಯಿಂದ ಹಿಡಿಕೆಗೆ ಬಿಗಿದು ಕಟ್ಟಿದ ಯಂತ್ರಗಳನ್ನು ನೋಡಿ ನನ್ನ ಎದೆ ಝಲ್ ಎಂದಿದೆ. ನಮ್ಮ ಮನೆಗೆ ಬರುವ ಹಿರಿಯ ಮಾಳಿಗೆ ಒಂದು ಜೊತೆ ಗಟ್ಟಿ ತಳದ ಬೂಟು ತಂದುಕೊಟ್ಟು, "ಕಾಕಾ, ಬೂಟ್ ಹಾಕ್ಕೊಳ್ದ ಮಷೀನ್ ಚಾಲೂ ಮಾಡಬ್ಯಾಡ್ರಿ" ಎಂದು ಹೇಳಿದ್ದೇನೆ. ಮೊದಮೊದಲು ಭಾರವೆಂದು ಗೊಣಗುತ್ತಿದ್ದ ಅವರು ಈಗ ತಾವಾಗಿಯೇ ಬೂಟು ಕೇಳಿ ಪಡೆಯುತ್ತಾರೆ. ಕಿವಿಗೆ ಇಟ್ಟುಕೊಳ್ಳಲು ಮುಚ್ಚಳ, ಕಣ್ಣಿಗೆ ಕನ್ನಡಕ ಇವೂ ಯಂತ್ರದ ಬೆಲೆಯಲ್ಲಿ ಸೇರಿದವು ಎಂದೇ ಲೆಕ್ಕ ಹಿಡಿಯಬೇಕು. ಹುಲ್ಲು ಕತ್ತರಿಸುವಾಗ ಮಕ್ಕಳು ಅಂಗಳದಲ್ಲಿರಬಾರದು, ಬ್ಲೇಡು ಎಸೆದ ಕಲ್ಲು ಎಲ್ಲಿಗೆ ಹಾರುತ್ತದೆಂದು ಯಾರೂ ಹೇಳಲಾರರು. ಮಳೆ ಬಂತೆಂದು ಮುಚ್ಚಿದ ಗ್ಯಾರೇಜಿನೊಳಗೆ ಎಂಜಿನ್ ಓಡಿಸುವುದಂತೂ ಕೂಡದು, ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಅನಿಲಕ್ಕೆ ವಾಸನೆಯಿಲ್ಲ.

ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಅಶ್ವಶಕ್ತಿಯನ್ನಲ್ಲ, ಬಿಡಿಭಾಗಗಳನ್ನು. ಆ ಮಾಡೆಲಿನ ಬ್ಲೇಡು, ಏರ್ ಫಿಲ್ಟರ್, ಹಗ್ಗದ ಸ್ಟಾರ್ಟರ್, ಕಾರ್ಬುರೇಟರಿನ ಗ್ಯಾಸ್ಕೆಟ್ಟು ಬೆಳಗಾವಿಯಲ್ಲಿಯೇ ಸಿಗುತ್ತವೆಯೇ, ಇಲ್ಲವಾದರೆ ಹುಬ್ಬಳ್ಳಿಯಿಂದಲೋ ಪುಣೆಯಿಂದಲೋ ಎಷ್ಟು ದಿನದಲ್ಲಿ ಬರುತ್ತವೆ, ರಿಪೇರಿ ಮಾಡುವವರು ಯಾರು, ಇವಕ್ಕೆ ನೇರ ಉತ್ತರ ಬಾರದ ಅಂಗಡಿಯಿಂದ ನಾನು ಎದ್ದು ಬರುತ್ತೇನೆ. ಹೋಂಡಾ, ಬ್ರಿಗ್ಸ್ ಆಂಡ್ ಸ್ಟ್ರಾಟನ್‌ಗಳಂಥ ಹೆಸರಾದ ಎಂಜಿನ್ನುಗಳಿಗೆ ಹೆಚ್ಚು ಬೆಲೆ ಕೊಡುವುದರಲ್ಲಿ ಅರ್ಥವಿರುವುದು ಈ ಕಾರಣದಿಂದಲೇ. ಹೋಂಡಾದ 163 ಸಿಸಿಯ ಜಿಎಕ್ಸ್‌ವಿ160 ಎಂಜಿನ್ನನ್ನು ಬಿಚ್ಚಿ ಬಲ್ಲ ಮಿಸ್ತ್ರಿ ಸಿಗುತ್ತಾರೆ, ಆನ್‌ಲೈನಿನಲ್ಲಿ ಅಗ್ಗಕ್ಕೆ ಬರುವ ಹೆಸರಿಲ್ಲದ ಎಂಜಿನ್ನಿಗೆ ಮುಂದಿನ ವರ್ಷ ಅದೇ ಅಳತೆಯ ಗ್ಯಾಸ್ಕೆಟ್ಟೂ ಸಿಗದಿರಬಹುದು. ಅಗಲದ ವಿಷಯದಲ್ಲಿ ನಾಲ್ಕೈದು ಗುಂಟೆಯ ಕಂಪೌಂಡಿಗೆ 18 ಅಥವಾ 19 ಇಂಚು ಸಾಕು. 21 ಇಂಚಿನದು ಗಿಡಗಳ ನಡುವೆ ತಿರುಗುವುದಿಲ್ಲ. ತಾನೇ ಮುಂದೆ ನಡೆಯುವ ಯಂತ್ರ ಇಳಿಜಾರಿನ ಅಂಗಳವಿದ್ದವರಿಗೆ, ವಯಸ್ಸಾದವರಿಗೆ ಬೇಕು. ಸಪಾಟಾದ ಜಾಗಕ್ಕೆ ಬೆಲ್ಟು, ಗೇರು, ಕೇಬಲ್ಲುಗಳ ಹೆಚ್ಚುವರಿ ಕಾಳಜಿ ಏಕೆ?

ಹಳೆಯದನ್ನು ಕೊಳ್ಳುವುದು ಕೆಟ್ಟ ವ್ಯವಹಾರವೇನಲ್ಲ, ನೋಡುವ ಕಣ್ಣಿರಬೇಕು. ನಾವು ಹೋಗುವ ಮೊದಲೇ ಎಂಜಿನ್ ಬಿಸಿಯಾಗಿದ್ದರೆ, ತಣ್ಣಗಿದ್ದಾಗ ಅದು ಚಾಲೂ ಆಗುವುದಿಲ್ಲವೆಂದೇ ಸಂಶಯಪಡಬೇಕು. ಡಿಪ್‌ಸ್ಟಿಕ್ ಎಳೆದು ಆಯಿಲಿನ ಬಣ್ಣ ನೋಡಬೇಕು, ಹಾಲಿನ ಬಣ್ಣವಿದ್ದರೆ ಒಳಗೆ ನೀರಿದೆ. ಪ್ಲಗ್ಗಿನ ಟೋಪಿ ಕಿತ್ತು, ಓರೆ ಮಾಡಿ, ಡೆಕ್ಕಿನ ಅಂಚಿನ ಒಂದು ಬಿಂದುವಿನಿಂದ ಬ್ಲೇಡಿನ ತುದಿಗಿರುವ ಅಂತರವನ್ನು ಅಳೆಯಬೇಕು. ಬ್ಲೇಡನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದು ತುದಿಯನ್ನು ಅದೇ ಬಿಂದುವಿನ ಎದುರು ತಂದು ಮತ್ತೆ ಅಳೆಯಬೇಕು. ಎರಡೂ ಅಳತೆ ಕಣ್ಣಿಗೆ ಕಾಣುವಷ್ಟು ಬೇರೆಯಾಗಿದ್ದರೆ ಬ್ಲೇಡು ಬಾಗಿದೆ ಇಲ್ಲವೇ ಕ್ರ್ಯಾಂಕ್‌ಶಾಫ್ಟ್ ಬಾಗಿದೆ. ಬ್ಲೇಡಾದರೆ ಬದಲಿಸಬಹುದು. ಶಾಫ್ಟ್ ಬಾಗಿದ ಯಂತ್ರವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬಾರದು.

ಬ್ಯಾಟರಿಯ ಯಂತ್ರಗಳು ಈಗ ಬರುತ್ತಿವೆ, ಅವುಗಳನ್ನು ಕಡೆಗಣಿಸಿ ಈ ಬರಹವನ್ನು ಮುಗಿಸುವುದು ನ್ಯಾಯವಲ್ಲ. ಕ್ಯಾಲಿಫೋರ್ನಿಯಾ ರಾಜ್ಯವು ಇಂಥ ಸಣ್ಣ ಪೆಟ್ರೋಲ್ ಎಂಜಿನ್ನುಗಳ ಹೊಸ ಮಾರಾಟವನ್ನು 2024ರಿಂದ ಹಂತಹಂತವಾಗಿ ನಿಲ್ಲಿಸುವ ಕಾನೂನನ್ನು 2021ರಲ್ಲಿ ಮಾಡಿತು, ಅಮೆರಿಕದಲ್ಲಿ ಪೆಟ್ರೋಲ್ ಲಾನ್ ಮೂವರ್ ತಯಾರಿಕೆಯನ್ನು ಹೋಂಡಾ 2023ರಲ್ಲಿ ನಿಲ್ಲಿಸಿತು. ಹೊಗೆಯಿಲ್ಲ, ಸದ್ದು ಕಡಿಮೆ, ನಿಂತರೂ ಕೆಡುವ ಕಾರ್ಬುರೇಟರ್ ಇಲ್ಲ ಎಂಬ ಅವುಗಳ ಗುಣವನ್ನು ನಾನು ಮನಸಾರೆ ಒಪ್ಪುತ್ತೇನೆ. ಎರಡು ಗುಂಟೆಯ ಅಂಗಳಕ್ಕೆ ಇವತ್ತು ಹೊಸದಾಗಿ ಕೊಳ್ಳುವವರಿಗೆ ಬೆಲೆ ಹೊಂದುವುದಾದರೆ ಅದನ್ನೇ ಹೇಳುತ್ತೇನೆ. ಆದರೆ ದಟ್ಟವಾದ ಒದ್ದೆ ಕರಕಿಯಲ್ಲಿ ಬ್ಯಾಟರಿ ಬಹಳ ಬೇಗ ಇಳಿಯುತ್ತದೆ, ಎರಡನೆಯ ಬ್ಯಾಟರಿಗೆ ದೊಡ್ಡ ಮೊತ್ತ ತೆರಬೇಕಾಗುತ್ತದೆ. ಸರಿಯಾಗಿ ನಡೆಯುತ್ತಿರುವ ಪೆಟ್ರೋಲ್ ಯಂತ್ರವನ್ನು ಗುಜರಿಗೆ ಹಾಕುವುದಕ್ಕೆ ಸದ್ಯ ನನಗೆ ಕಾರಣ ಕಾಣುವುದಿಲ್ಲ. ಪೆಟ್ರೋಲ್ ಯಂತ್ರಗಳ ತಯಾರಿಕೆ ಕಡಿಮೆಯಾಗುತ್ತ ಹೋದಂತೆ ಬಿಡಿಭಾಗಗಳೂ ದುರ್ಲಭವಾಗಬಹುದೆಂದು, ಎರಡು ಬ್ಲೇಡು, ಒಂದು ಕಾರ್ಬುರೇಟರ್ ಕಿಟ್, ಎಥೆನಾಲಿಗೆ ತಡೆಯುವ ರಬ್ಬರಿನ ಪೆಟ್ರೋಲ್ ನಳಿಕೆ, ಫ್ಲೈವೀಲಿನ ಒಂದು ಕೀ, ಇಷ್ಟನ್ನು ನಾನು ಈಗಲೇ ತಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಹತ್ತು ವರ್ಷ ಇದೇ ಯಂತ್ರವನ್ನು ನಡೆಸುವುದು ನನ್ನ ಲೆಕ್ಕ.